ರದ್ದು ಮಾಡುವವರು, ಮೀರುವವರು

ಒಬ್ಬರು ಮಾಡಿದ ತೀರ್ಮಾನವನ್ನು ಇನ್ನೊಬ್ಬರು ಬೀಳಿಸಬೇಕಾದರೆ ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ರದ್ದು ಮಾಡು, ವಜಾ ಮಾಡು, ತಳ್ಳಿಹಾಕು, ತಿರಸ್ಕರಿಸು, ಅಸಿಂಧು ಎನ್ನು, ಅನೂರ್ಜಿತಗೊಳಿಸು. ತಹಸೀಲ್ದಾರರ ಆದೇಶವನ್ನು ಅಸಿಸ್ಟೆಂಟ್ ಕಮಿಷನರು ರದ್ದು ಮಾಡುತ್ತಾರೆ, ಕೆಳಗಿನ ಕೋರ್ಟಿನ ತೀರ್ಪನ್ನು ಹೈಕೋರ್ಟು ತಳ್ಳಿಹಾಕುತ್ತದೆ. ವಜಾ ಅನ್ನೋ ಪದದ ಗಮ್ಮತ್ತೇ ಬೇರೆ. ಅರ್ಜಿಗೂ ಅದೇ, ಆಳಿಗೂ ಅದೇ.

ಈಗ ಕೇರಿಯವನೊಬ್ಬ ಊರಿನ ತೀರ್ಮಾನ ಒಪ್ಪಲಿಲ್ಲ ಅನ್ನಿ. ಅವನು ಅದನ್ನು ರದ್ದು ಮಾಡಿದ ಅಂತ ಯಾವ ಊರಲ್ಲಾದರೂ ಅಂದದ್ದುಂಟೆ? ಕಟ್ಟು ಮೀರಿದ ಅಂತಾರೆ. ಕಟ್ಟಳೆ ಮುರಿದ, ದೊಡ್ಡೋರಿಗೆ ಎದುರಾಡಿದ, ಸೊಕ್ಕು ಬಂತು, ನಾಲ್ಕಕ್ಷರ ಕಲಿತು ಕೊಬ್ಬಿದ ಅಂತಾರೆ. ಈ ಎರಡು ಗುಂಪಿನ ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ರದ್ದು ಮಾಡಿದಾಗ ಸಾಯೋದು ತೀರ್ಮಾನ. ಮಾಡಿದವನಿಗೆ ಏನೂ ಆಗೋದಿಲ್ಲ. ಮೀರಿದಾಗ ತೀರ್ಮಾನ ಗಡಿಕಲ್ಲಿನ ಹಾಗೆ ನಿಂತೇ ಇರುತ್ತದೆ, ದಾಟಿದವನು ಅಪರಾಧಿಯಾಗುತ್ತಾನೆ. ಮಾಡಿದ್ದು ಒಂದೇ ಕೆಲಸ. ಕುರ್ಚಿ ಇದ್ದವನಿಗೆ ಒಂದು ಕ್ರಿಯಾಪದ, ಇಲ್ಲದವನಿಗೆ ಇನ್ನೊಂದು. ನಮ್ಮ ನಿಘಂಟುಕಾರರು ಪದ ಎಲ್ಲಿಂದ ಬಂತು ಅಂತ ಹೇಳುತ್ತಾರೆ, ಅದನ್ನಾಡುವ ಹಕ್ಕು ಯಾರದು ಅಂತ ಹೇಳೋದಿಲ್ಲ.

ನಮ್ಮ ಜನರ ಬಾಯಲ್ಲಿ ಪದವೇ ಇಲ್ಲ ಅಂತಲ್ಲ. ಒಲ್ಲೆ ಇದೆ. 'ಇಲ್ಲ' ಅನ್ನೋದನ್ನು ಹೊರಗಿನಿಂದ ಅಂಟಿಸದೆ ಹೊಟ್ಟೆಯೊಳಗೇ ನಿಷೇಧ ಇಟ್ಟುಕೊಂಡ ಪದ. ಇದರ ಓರಗೆಯ ಬಾರೆ, ಕೊಡೆ, ಮಾಡೆ ಪುಸ್ತಕ ಸೇರಿದವು. ಉತ್ತರ ಕರ್ನಾಟಕದಲ್ಲಿ ಒಲ್ಲೆ ಇನ್ನೂ ಉಸಿರಾಡುತ್ತಿದೆ. ಆದರೆ ಅದರ ಅಳವೆಷ್ಟು? 'ಸತ್ತ ದನ ಹೊರಾಕ ನಾ ಒಲ್ಲೆ' ಎಂದವನು ತನ್ನ ಹೆಗಲನ್ನಷ್ಟೇ ಹಿಂದಕ್ಕೆ ತಗೊಂಡ. ಹೊರೋದು ಈ ಕೇರಿಯ ಕೆಲಸ ಅಂತ ತೀರ್ಮಾನಿಸಿದ್ದು ಹಾಗೇ ಉಳಿಯಿತು. ನಾಳೆ ಅವನ ತಮ್ಮನಿಗೆ ಕರೆ ಬರುತ್ತದೆ.

ಈ ವ್ಯತ್ಯಾಸ ತಿಳಿಯಬೇಕಾದರೆ ಮಹಾರಾಷ್ಟ್ರದ ಮಹಾಡದ ಕೆರೆಯ ಹತ್ತಿರ ಹೋಗಬೇಕು. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು 1923ರಲ್ಲಿ ಬೊಂಬಾಯಿ ಶಾಸನಸಭೆ ನಿರ್ಣಯ ಮಾಡಿತು. ಮಹಾಡ ಪುರಸಭೆ 1924ರಲ್ಲಿ ಅದನ್ನೊಪ್ಪಿ ಚವದಾರ್ ಕೆರೆ ಎಲ್ಲರಿಗೂ ಸೇರಿದ್ದೆಂದಿತು. ಕಾಗದದ ಮೇಲೆ ಕೆರೆ ತೆರೆಯಿತು, ನೀರಿಗೆ ಯಾರೂ ಇಳಿಯಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಹೋಗಿ ನೀರು ಕುಡಿದರು. ಆ ಜನ ಏನನ್ನು ಮೀರಿದರು ಹೇಳಿ? ಪುರಸಭೆ ಬರೆದದ್ದನ್ನೇ ಪಾಲಿಸಿದರು. ಆದರೂ ಪೆಟ್ಟು ಬಿದ್ದದ್ದು ಅವರಿಗೇ. ಆಮೇಲೆ ಸವರ್ಣೀಯರು ಗಂಜಲ ಸಗಣಿ ಬೆರೆಸಿದ ನೀರು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಆಗಸ್ಟ್ 4ರಂದು ಪುರಸಭೆ ತನ್ನ ನಿರ್ಣಯವನ್ನು ತಾನೇ ರದ್ದು ಮಾಡಿಕೊಂಡಿತು. ಕುಡಿದ ನೀರು ಹೊಟ್ಟೆಯಲ್ಲಿರುವಾಗಲೇ ಕುಡಿಯುವ ಹಕ್ಕು ರದ್ದು! ಇದಕ್ಕೆ ಬೇಕಾದದ್ದು ಒಂದು ಸಭೆ, ಒಂದು ಸಾಲು.

ಡಿಸೆಂಬರಿನಲ್ಲಿ ಜನ ಮತ್ತೆ ಸೇರುವ ಹೊತ್ತಿಗೆ ಕೋರ್ಟಿನ ತಡೆಯಾಜ್ಞೆ ಬಂದಿತ್ತು. ಆಗ, 25ನೇ ತಾರೀಖು, ಅವರು ಮನುಸ್ಮೃತಿಯನ್ನು ಸುಟ್ಟರು. ಇದನ್ನು ಈಗಲೂ ರೊಚ್ಚಿನ ಕೆಲಸ ಅನ್ನುವವರಿದ್ದಾರೆ. ನಮ್ಮ ಕಣ್ಣಿಗೆ ಅದು ಅಪ್ಪಟ ರದ್ದತಿ. ಪುರಸಭೆಯ ನಿರ್ಣಯಕ್ಕೂ ಹಿಂದಿನ ಮೂಲ ತೀರ್ಮಾನವನ್ನು ಹುಡುಕಿಕೊಂಡು ಹೋಗಿ, ಸಭೆ ಸೇರಿ, ನಿರ್ಣಯ ಮಂಡಿಸಿ, ಇದು ಇನ್ನು ನಡೆಯೋದಿಲ್ಲ ಅಂದರು. ಕುರ್ಚಿಯೊಂದು ಇರಲಿಲ್ಲ ಅಷ್ಟೆ. ಬೊಂಬಾಯಿ ಹೈಕೋರ್ಟಿನಲ್ಲಿ ಕೆರೆಯ ಮೊಕದ್ದಮೆ ಅವರ ಪರವಾಗಿ ಮುಗಿಯಲು 1937 ಬರಬೇಕಾಯಿತು. ಹತ್ತು ವರ್ಷ, ಒಂದು ಬೊಗಸೆ ನೀರಿಗೆ.

ಸಾಹಿತ್ಯದವರೂ ಬೇರೆಯೇನಲ್ಲ. ನವ್ಯರು ನವೋದಯವನ್ನು ಬೇಡವೆಂದಾಗ ವಿಮರ್ಶೆ ಅದಕ್ಕೆ ನಿರಾಕರಣೆ ಎಂಬ ಗೌರವದ ಹೆಸರಿಟ್ಟಿತು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಅದು ವಿಮರ್ಶೆ ಅನ್ನಿಸಿಕೊಳ್ಳಲಿಲ್ಲ, ಕನ್ನಡಕ್ಕೆ ಮಾಡಿದ ಅವಮಾನ ಅನ್ನಿಸಿಕೊಂಡಿತು. ಗಲಾಟೆ ಎದ್ದಿತು, ಮಂತ್ರಿಗಿರಿ ಹೋಯಿತು. 1979ರ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂದು ಕೇಳಿದ್ದನ್ನು ಸಾಹಿತ್ಯ ಪರಿಷತ್ತು ತಳ್ಳಿಹಾಕಿತು. ಅದೇ ವರ್ಷ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಬಂಡಾಯ ಅನ್ನೋದೂ ಮೀರುವ ಗುಂಪಿನ ಪದವೇ, ಕುರ್ಚಿಯ ಕಡೆಯಿಂದ ನೋಡಿದವರ ಪದ. ಅದನ್ನೇ ಕಿತ್ತುಕೊಂಡು ತಲೆಗೆ ಸುತ್ತಿಕೊಂಡದ್ದು ಧೈರ್ಯದ ಕೆಲಸ, ಅನುಮಾನವಿಲ್ಲ. ಆದರೆ ಪರಿಷತ್ತಿನ ತೀರ್ಮಾನವನ್ನು ಬೆಂಗಳೂರಿನಲ್ಲಿ ರದ್ದು ಮಾಡಲಾಯಿತು ಅಂತ ಸಾಹಿತ್ಯ ಚರಿತ್ರೆಯಲ್ಲಿ ಬರೆಯಲು ನಮ್ಮವರಿಗೂ ಕೈ ಬರಲಿಲ್ಲ ಅನ್ನೋದು ನಮ್ಮ ತಕರಾರು.

ಕುರ್ಚಿ ತನ್ನನ್ನು ತಾನೇ ತಿದ್ದಿಕೊಂಡಾಗ ಇನ್ನೂ ಮೆತ್ತಗಿನ ಪದವೊಂದುಂಟು. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ದೌರ್ಜನ್ಯ ತಡೆ ಕಾಯ್ದೆಯ ಹಲ್ಲು ಸಡಿಲಿಸಿತು. ಏಪ್ರಿಲ್ 2ರಂದು ಜನ ಬೀದಿಗಿಳಿದರು, ಉತ್ತರದ ರಾಜ್ಯಗಳಲ್ಲಿ ಹಲವರು ಸತ್ತರು. ಆಗಸ್ಟಿನಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. 2019ರ ಅಕ್ಟೋಬರ್ 1ರಂದು ಕೋರ್ಟು ತನ್ನ ಮುಖ್ಯ ನಿರ್ದೇಶನಗಳನ್ನು ಹಿಂಪಡೆಯಿತು. ಸಂಸತ್ತು ತಿದ್ದಿತು, ಕೋರ್ಟು ಹಿಂಪಡೆಯಿತು. ಬೀದಿಯಲ್ಲಿ ಬಿದ್ದವರು ಮಾಡಿದ್ದೇನು? ಹಿಂಸಾಚಾರ.

ಸಂವಿಧಾನದ 17ನೇ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದು ಮಾಡಿ ಎಪ್ಪತ್ತು ವರ್ಷ ದಾಟಿತು. ಲೆಕ್ಕದ ಪ್ರಕಾರ ಹೋಟೆಲಿನಲ್ಲಿ ಎರಡು ಥರದ ಲೋಟ ಇಡುವವನೇ ಈಗ ಮೀರುವವನು. ದೇವಸ್ಥಾನದ ಬಾಗಿಲಿಗೆ ಅಡ್ಡ ನಿಲ್ಲುವವನೇ ಕಟ್ಟಳೆ ಮುರಿಯುವವನು. ಆದರೂ ದಲಿತರು ಗುಡಿಯೊಳಗೆ ಹೋದ ದಿನ 'ಸಂಪ್ರದಾಯ ಮೀರಿ ಪ್ರವೇಶ' ಅಂತಲೇ ಬರೆಯುವವರಿದ್ದಾರೆ. ಅಂಥ ಸುದ್ದಿಯನ್ನು ನಾವು ನಮ್ಮ ಪುಟಗಳಲ್ಲಿ ಹೀಗೆ ಬರೆಯೋಣ: ಇಂಥ ಊರಿನಲ್ಲಿ, ಇಂಥ ದಿನ, ಇಷ್ಟು ಜನ ಸೇರಿ ಊರಿನ ತೀರ್ಮಾನವನ್ನು ರದ್ದು ಮಾಡಿದರು.