‘ದ್ವೀಪ’ವೂ ಕೃಷ್ಣೆಯ ದಂಡೆಯೂ

ಮುಳುಗಡೆಯ ಕಥೆ ಎಂದೊಡನೆ ಕನ್ನಡಿಗರ ಮನಸ್ಸಿಗೆ ಮೊದಲು ಬರುವುದು ಶರಾವತಿ. ಆ ನದಿಯ ಯೋಜನೆಯಿಂದ ಮನೆಮಾರು ಕಳೆದುಕೊಂಡವರನ್ನು ಹತ್ತಿರದಿಂದ ಕಂಡ ನಾ. ಡಿಸೋಜರು ‘ದ್ವೀಪ’ ಕಾದಂಬರಿಯನ್ನು ಬರೆದರು. ಗಿರೀಶ ಕಾಸರವಳ್ಳಿಯವರು 2002ರಲ್ಲಿ ಅದನ್ನು ತೆರೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲವೂ ದೊರೆಯಿತು. ಅದರ ಗುಣಗಾನ ಬೇಕಾದಷ್ಟು ನಡೆದಿದೆ. ಬೀಳಗಿ, ಜಮಖಂಡಿಗಳ ಹೊಳೆದಂಡೆಯಿಂದ ಅದೇ ಚಿತ್ರವನ್ನು ನೋಡಿದರೆ ಏನು ಕಾಣುತ್ತದೆ, ಏನು ಕಾಣದೆ ಹೋಗುತ್ತದೆ ಎಂಬುದಷ್ಟೇ ಇಲ್ಲಿಯ ವಿಚಾರ.

ಸೀತಾಪರ್ವತದ ಜನ ಪರಿಹಾರ ಪಡೆದು ಒಬ್ಬೊಬ್ಬರಾಗಿ ಹೊರಡುತ್ತಾರೆ. ದುಗ್ಗಜ್ಜ, ಗಣಪ, ನಾಗಿ ಮಾತ್ರ ಉಳಿಯುತ್ತಾರೆ. ದೇವರ ಸೇವೆಯಿಂದ ಬಂದ ಮರ್ಯಾದೆಯನ್ನು ಬಿಟ್ಟು ಪರಸ್ಥಳದಲ್ಲಿ ಹೆಸರಿಲ್ಲದವರಾಗಿ ಬಾಳುವುದು ಹೇಗೆಂಬುದು ಅವರ ಸಂಕಟ. ಮಳೆ ನಿಂತು ಜೀವ ಉಳಿದಾಗ ಗಣಪ ಅದನ್ನು ದೈವಕೃಪೆ ಎನ್ನುತ್ತಾನೆ. ಹಗಲಿರುಳು ದುಡಿದು ಮನೆಯನ್ನು ಕಾಪಾಡಿದ ನಾಗಿಯ ಶ್ರಮ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಸರಕಾರದ ದಫ್ತರಿನಲ್ಲಿ ಮರ್ಯಾದೆಗೆ ಅಂಕಣವಿಲ್ಲ. ಗಂಡನ ಲೆಕ್ಕದಲ್ಲಿ ಹೆಂಡತಿಯ ದುಡಿಮೆಗೂ ಇಲ್ಲ. ಇವೆರಡನ್ನೂ ಒಂದೇ ಕಥೆಯಲ್ಲಿ ಕಾಣಿಸಿದ್ದು ಚಿತ್ರದ ನಿಜವಾದ ಸಾಧನೆ.

ಆದರೆ ಸೀತಾಪರ್ವತದ ಕುಟುಂಬ ಉಳಿಯುವುದು ತನ್ನ ಹಟದಿಂದ. ಕೃಷ್ಣೆಯ ದಂಡೆಯವರು ಕಾಯುತ್ತಿರುವುದು ಇತರರ ಜಗಳದಿಂದ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು; 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತರವನ್ನು 519.6 ಮೀಟರಿಗೆ ನಿಲ್ಲಿಸಿತು. 2010ರಲ್ಲಿ ನ್ಯಾಯಾಧಿಕರಣ 524.256 ಮೀಟರಿಗೆ ಏರಿಸಲು ಒಪ್ಪಿತು. ನೆರೆರಾಜ್ಯಗಳ ತಕರಾರಿನಿಂದ ಆ ತೀರ್ಪು ರಾಜಪತ್ರದ ಮುಖ ಕಾಣದೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಸಿಕ್ಕಿಕೊಂಡಿತು. ಮುಳುಗುವ ಪಟ್ಟಿಯಲ್ಲಿರುವ ಊರಿನವನು ಸೋರುವ ಮಾಳಿಗೆಯನ್ನು ರಿಪೇರಿ ಮಾಡಿಸಬೇಕೇ, ಹೊಲಕ್ಕೆ ಬೋರು ಹಾಕಿಸಬೇಕೇ? ಅವನ ಜಮೀನನ್ನು ಯಾರು ಕೊಂಡಾರು? ನೀರು ಇನ್ನೂ ಬಂದಿಲ್ಲ. ದ್ವೀಪ ಆಗಲೇ ಆಗಿಹೋಗಿದೆ. ಈ ಬಗೆಯ ಕಾಯುವಿಕೆಯನ್ನು ಚಿತ್ರ ತೋರಿಸುವುದಿಲ್ಲ.

ಪರದೇಶದ ಒಂದು ನಿದರ್ಶನ ಇಲ್ಲಿ ನೆನಪಾಗುತ್ತದೆ. ಟರ್ಕಿಯ ಆಗ್ನೇಯದಲ್ಲಿ ಕುರ್ದಿ ಜನ 1990ರ ದಶಕದಲ್ಲಿ ಸೈನ್ಯ-ಬಂಡುಕೋರರ ಕಾಳಗದ ನಡುವೆ ಸಿಕ್ಕಿ ಅಸಂಖ್ಯ ಹಳ್ಳಿಗಳನ್ನು ತೊರೆಯಬೇಕಾಯಿತು. ಅದೇ ಸೀಮೆಯಲ್ಲಿ ಟೈಗ್ರಿಸ್ ನದಿಯ ಇಲಿಸು ಅಣೆಕಟ್ಟಿನ ನೀರು 2020ರ ವೇಳೆಗೆ ಪುರಾತನ ಹಸನ್‌ಕೇಫ್ ಪಟ್ಟಣವನ್ನು ನುಂಗಿತು. ಜನರಿಗೆ ಸಮೀಪದಲ್ಲೇ ಹೊಸ ಪಟ್ಟಣ ಕಟ್ಟಲಾಯಿತು. ಬಂದೂಕಿಗೆ ಹೆದರಿ ಓಡುವುದೂ ನೀರಿಗೆ ಜಾಗ ಬಿಡುವುದೂ ಒಂದೇ ಎನ್ನುವುದು ಅನ್ಯಾಯವಾದೀತು. ಆದರೂ ಆಮೇಲಿನ ಪ್ರಶ್ನೆ ಎರಡು ಕಡೆಯೂ ಒಂದೇ: ಸೂರು ಕೊಟ್ಟ ಮಾತ್ರಕ್ಕೆ ಊರು ಕೊಟ್ಟಂತಾಯಿತೇ? ಬಾಗಲಕೋಟೆಯ ನವನಗರಕ್ಕೆ ಹೋದವರಿಗೆ ಅಗಲವಾದ ರಸ್ತೆ ಸಿಕ್ಕಿತು. ಆದರೆ ಓಣಿಯ ಹೆಸರು ಹೋಗಿ ಸೆಕ್ಟರಿನ ಸಂಖ್ಯೆ ಬಂತು.

ಚಿತ್ರದ ಇನ್ನೊಂದು ಮಿತಿಯನ್ನೂ ಹೇಳಬೇಕು. ಅದರ ಲೋಕದಲ್ಲಿ ಮನೆ, ತೋಟ, ದೇವಸ್ಥಾನ ಇವೆ, ಪೇಟೆ ಇಲ್ಲ. ನಮ್ಮ ಕಡೆಯ ಬದುಕು ಒಂಟಿ ಮನೆಯದಲ್ಲ. ಮುಧೋಳದ ಕಬ್ಬು, ರಬಕವಿ-ಬನಹಟ್ಟಿಯ ಮಗ್ಗ, ವಾರದ ಸಂತೆ ಇವೆಲ್ಲ ಒಂದನ್ನೊಂದು ಹಿಡಿದುಕೊಂಡು ನಿಂತಿವೆ. ಮಗ್ಗವನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಬಹುದು. ನೂಲು ಸಾಲ ಕೊಡುವವನ ನಂಬಿಕೆಯನ್ನು ಹೇರಲಾದೀತೇ? 2025ರಲ್ಲಿ ರಾಜ್ಯ ಸರಕಾರ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ನಿಶ್ಚಯಿಸಿತು. ಅಲ್ಪ ಪರಿಹಾರದ ಕಾಲಕ್ಕೆ ಹೋಲಿಸಿದರೆ ಇದು ಸಣ್ಣ ಮೊತ್ತವಲ್ಲ. ಆದರೆ ಲೆಕ್ಕ ಎಕರೆಯದು. ಎಕರೆಯೇ ಇಲ್ಲದೆ ಆ ಹೊಲದಲ್ಲಿ ಕಳೆ ತೆಗೆದ ಹೆಂಗಸು ನಾಗಿಯ ಹಾಗೆಯೇ ಲೆಕ್ಕದ ಹೊರಗೆ ನಿಲ್ಲುತ್ತಾಳೆ.

ಇಷ್ಟು ಹೇಳಿದ್ದು ‘ದ್ವೀಪ’ವನ್ನು ಕಿರಿದು ಮಾಡಲಿಕ್ಕಲ್ಲ. ಶರಾವತಿಯ ಕಥೆಯಿಂದ ಕೃಷ್ಣೆಯ ಕೊರತೆ ತುಂಬಲಾರದು ಎಂಬುದಷ್ಟೇ ನನ್ನ ಮಾತು. ನೀರಿನೊಳಗೆ ಅಡಗಿದ ದುರ್ಯೋಧನನ ಮನಸ್ಸನ್ನು ಹೊಕ್ಕು ನೋಡಿದ ರನ್ನ ಮುಧೋಳದವನು. ನೀರು ಎಂದು ಬಂದೀತೆಂದು ಕಾಯುತ್ತ ಕುಳಿತ ಒಕ್ಕಲಿಗನ, ನೇಕಾರನ, ಕೂಲಿಯ ಹೆಣ್ಣುಮಗಳ ಮನಸ್ಸನ್ನು ಅಷ್ಟೇ ನಿಷ್ಠೆಯಿಂದ ಹೊಕ್ಕು ನೋಡುವ ಲೇಖಕ ಅದೇ ಸೀಮೆಯಿಂದ ಬರಲಿ. ಅವನು ದಂಡೆಯ ಮೇಲಿನ ಮಾತನ್ನು ಈಗಲೇ ಕೇಳಿಸಿಕೊಳ್ಳುವುದು ಒಳ್ಳೆಯದು. ಜನ ಚದುರಿದ ಮೇಲೆ ಹೇಳುವವರು ಸಿಕ್ಕುವುದು ಕಷ್ಟ.