ಕಪ್ಪ ಕೊಟ್ಟು ಉಳಿದ ರಾಜ್ಯ: ಸೋದೆಯ ಸಾಮಂತ ಪರಂಪರೆ

ಶಿರಸಿಯಿಂದ ಉತ್ತರಕ್ಕೆ, ಶಾಲ್ಮಲಾ ಹೊಳೆಯ ಆಸುಪಾಸಿನಲ್ಲಿರುವ ಸೋದೆ ಅಥವಾ ಸೋಂದಾ ಎರಡು ಶತಮಾನ ಕಾಲ ಒಂದು ರಾಜ್ಯದ ರಾಜಧಾನಿಯಾಗಿತ್ತು. ಅರಸಪ್ಪನಾಯಕನ ಆಳ್ವಿಕೆ 1555ರಲ್ಲಿ ಶುರುವಾಯಿತೆಂದು ಲೆಕ್ಕ. ಇಮ್ಮಡಿ ಸದಾಶಿವನ ಕಾಲಕ್ಕೆ, 1763–64ರಲ್ಲಿ, ಹೈದರಾಲಿಯ ಸೈನ್ಯ ಬಂದು ಅದನ್ನು ಮುಗಿಸಿತು. ಈ ನಡುವೆ ಸೋದೆ ವಿಜಯನಗರಕ್ಕೆ ನಡೆದುಕೊಂಡಿತು, ಬಿಜಾಪುರಕ್ಕೆ ಕಪ್ಪ ಕೊಟ್ಟಿತು, ಬಿಜಾಪುರ 1686ರಲ್ಲಿ ಬಿದ್ದ ಮೇಲೆ ಮೊಗಲರ ಕಡೆ ತಿರುಗಿತು, ಮರಾಠರಿಗೆ ಚೌತ್ ತೆತ್ತಿತು. ಇಷ್ಟು ಒಡೆಯರನ್ನು ಕಂಡ ಮನೆತನವನ್ನು ಚರಿತ್ರೆಯ ಪುಸ್ತಕಗಳು ‘ಪಾಳೆಯಗಾರರು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ಅದು ಅವಸರದ ತೀರ್ಮಾನ. ಸೋದೆಯವರ ಸಾಮಂತಿಕೆ ಬರೀ ಬಲಹೀನತೆಯಲ್ಲ. ಯೋಚಿಸಿ ನಡೆಸಿದ ಒಂದು ಆಡಳಿತ ಕ್ರಮ.

ಅದರ ಬೇರು ಕಾಳುಮೆಣಸಿನಲ್ಲಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಣಿವೆಗಳಲ್ಲಿ ಅಡಿಕೆ ತೋಟ, ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಯಾಲಕ್ಕಿ, ಪಕ್ಕದಲ್ಲಿ ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ. ಇಲ್ಲಿನ ಮೆಣಸಿಗೆ ಪಶ್ಚಿಮದ ವರ್ತಕರಲ್ಲಿ ದೊಡ್ಡ ಹೆಸರಿತ್ತು. 17ನೇ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದದ್ದೇ ಮುಖ್ಯವಾಗಿ ಇದಕ್ಕಾಗಿ. ಮೆಣಸು ಹೇರಿನೆತ್ತಿನ ಮೇಲೆ ಘಟ್ಟ ಇಳಿಯಬೇಕು, ಘಟ್ಟದ ದಾರಿ ಅರಸನ ಕೈಯಲ್ಲಿ. ಬಯಲುಸೀಮೆಯ ಕುದುರೆ ದಳ ಈ ಕಾಡಿನೊಳಗೆ ಮಳೆಗಾಲ ಕಳೆಯುವುದು ಆಗದ ಮಾತು. ಬಿಜಾಪುರದಂಥ ಒಡೆಯನಿಗೆ ಇಲ್ಲಿ ಕುಳಿತು ಆಳುವುದಕ್ಕಿಂತ ವರ್ಷಕ್ಕೊಮ್ಮೆ ಹಣ ಎಣಿಸಿಕೊಳ್ಳುವುದೇ ಲಾಭ. ಈ ಲೆಕ್ಕ ಸೋದೆಯವರಿಗೆ ಚೆನ್ನಾಗಿ ಗೊತ್ತಿತ್ತು. ಕೊಡಬೇಕಾದ್ದನ್ನು ಕೊಟ್ಟು ಉಳಿದದ್ದರಲ್ಲಿ ತಮ್ಮ ಮನೆ ನೋಡಿಕೊಂಡರು.

ಸಾಮಂತರೆಂದ ಮಾತ್ರಕ್ಕೆ ಎಲ್ಲರೆದುರೂ ತಲೆಬಾಗಿದರೆಂದಲ್ಲ. ಕಾಳಿ ನದಿ ಕಡಲು ಸೇರುವಲ್ಲಿರುವ ಸದಾಶಿವಗಡ ಇವರು ಕಟ್ಟಿಸಿದ ಕೋಟೆ. 1718ರ ಸುಮಾರಿಗೆ ಒಡೆದ ಹಡಗೊಂದರ ಸರಕಿನ ಸಂಬಂಧ ಜಗಳವೆದ್ದಾಗ ಸೋದೆಯ ದಂಡು ಕಾರವಾರದ ಇಂಗ್ಲಿಷ್ ಕೋಠಿಗೇ ಮುತ್ತಿಗೆ ಹಾಕಿತ್ತು. ದೊಡ್ಡವರಿಗೆ ಕಪ್ಪ, ಸಮಾನರೊಡನೆ ಕದನ, ವರ್ತಕರ ಮೇಲೆ ಬಿಗಿ: ನೀತಿ ಸರಳವಾಗಿತ್ತು. ದಕ್ಷಿಣಕ್ಕೆ ಕೆಳದಿಯ ನಾಯಕರಿದ್ದರು, ಅವರೊಂದಿಗೆ ಗಡಿ ತಕರಾರು ಮುಗಿದದ್ದೇ ಇಲ್ಲ. ಇಬ್ಬರ ನಡುವೆ, ಇಂದಿನ ಸಿದ್ದಾಪುರ ತಾಲೂಕಿನಲ್ಲಿ, ಬಿಳಗಿಯ ಜೈನ ಅರಸರು ಇನ್ನೂ ಚಿಕ್ಕ ಪ್ರಮಾಣದಲ್ಲಿ ಇದೇ ಬದುಕು ಬದುಕಿದರು. ಅವರ ನೆನಪಿಗೆ ಈಗ ಉಳಿದಿರುವುದು ಹೆಚ್ಚಾಗಿ ಅಲ್ಲಿನ ಬಸದಿ ಮತ್ತು ಗೋಲಬಾವಿ.

ಒಳಗಿನ ಆಡಳಿತದಲ್ಲಿ ಸೋದೆಯವರ ಜಾಣತನ ಎದ್ದು ಕಾಣುವುದು ಮಠಗಳ ವಿಷಯದಲ್ಲಿ. ಅರಸಪ್ಪನಾಯಕನಿಗೂ ವಾದಿರಾಜರಿಗೂ ಇದ್ದ ನಂಟು ಪ್ರಸಿದ್ಧವಾದದ್ದು. 1600ರಲ್ಲಿ ವೃಂದಾವನಸ್ಥರಾದ ಆ ಯತಿಯಿಂದಲೇ ಊರಿನ ಹೆಸರು ನಾಡಿನಾಚೆ ಹೋಯಿತು. ಮಾಧ್ವರ ವಾದಿರಾಜ ಮಠ, ಸ್ಮಾರ್ತರ ಸ್ವರ್ಣವಲ್ಲಿ ಮಠ, ಜೈನರ ಅಕಲಂಕ ಮಠ ಮೂರೂ ಒಂದೇ ಊರಿನ ಎಲ್ಲೆಯಲ್ಲಿವೆ. ಮುಂದೆ ಅರಸುಮನೆತನ ವೀರಶೈವದತ್ತ ತಿರುಗಿತು. ಆ ಮತದ ಸದಾಶಿವರಾಯ ಸ್ವರವಚನಗಳನ್ನು ಹಾಡಿದ ಕವಿಯೂ ಹೌದು. ಅರಸರ ಮತ ಬದಲಾದರೂ ಹಳೆಯ ಮಠಗಳು ಉಳಿದವು. ಇದನ್ನು ಔದಾರ್ಯವೆಂದು ಹೊಗಳುವುದು ರೂಢಿ. ಔದಾರ್ಯ ಇದ್ದಿರಬಹುದು, ಆದರೆ ತೋಟಿಗರಾದ ಹವ್ಯಕರು ಒಂದು ಮಠದ ಶಿಷ್ಯರು, ವ್ಯಾಪಾರಿಗಳಲ್ಲಿ ಹಲವರು ಇನ್ನೊಂದರ ಭಕ್ತರು. ಹೊರಗಿನ ಒಡೆಯನನ್ನು ಹಣದಿಂದ ಸಮಾಧಾನಪಡಿಸುವ ಅರಸ ಒಳಗೆ ಯಾರನ್ನೂ ಎದುರು ಹಾಕಿಕೊಳ್ಳುವಂತಿರಲಿಲ್ಲ.

ಸೋದೆಯ ಬಗೆಗಿನ ಬರವಣಿಗೆಯ ದೊಡ್ಡ ಕೊರತೆಯೂ ಇಲ್ಲಿಂದಲೇ ಹುಟ್ಟುತ್ತದೆ. ಒಂದು ಕಡೆ ಮಠದ ಐತಿಹ್ಯಗಳು. ಅವುಗಳಲ್ಲಿ ಅರಸ ಯತಿಯ ಮಹಿಮೆಗೆ ಸಾಕ್ಷಿಯಾಗಿ ಬಂದು ಹೋಗುವ ಪಾತ್ರ. ಇನ್ನೊಂದು ಕಡೆ 1801ರಲ್ಲಿ ಈ ಸೀಮೆಯಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್‌ನ ವರದಿ ಮತ್ತು ಮುಂಬಯಿ ಸರಕಾರದ ಗೆಜೆಟಿಯರ್. ಇವು ನೋಡಿದ್ದು ಪಾಳುಬಿದ್ದ ಊರನ್ನು. ಗೆಜೆಟಿಯರ್ ಕೋಟೆಯೊಳಗಿನ ಒಂದು ಕಲ್ಲುಹಾಸನ್ನು ಅಳತೆ ಸಮೇತ ವರ್ಣಿಸುತ್ತದೆ: 12 ಅಡಿ ಚೌಕ, 6 ಅಂಗುಲ ದಪ್ಪ, ನುಣುಪಾಗಿ ಕಡೆದದ್ದು, ಕೆತ್ತನೆಯ ಐದು ಗಿಡ್ಡ ಕಂಬಗಳ ಮೇಲೆ ನಿಂತದ್ದು. ಅದು ಸಿಂಹಾಸನವೆಂದು ಜನರ ನಂಬಿಕೆ. ಸಿಂಹಾಸನಕ್ಕೆ ಸಿಕ್ಕಷ್ಟು ಗಮನ ಆ ಸಿಂಹಾಸನಕ್ಕೆ ಹಣ ಒದಗಿಸಿದ ತೋಟಿಗನಿಗೆ, ಅವನ ಕೈಕೆಳಗೆ ಕೊನೆ ಕೊಯ್ದು ಸೊಪ್ಪು ಹೊತ್ತ ಆಳುಗಳಿಗೆ ಎರಡೂ ಕಡೆ ಸಿಗಲಿಲ್ಲ. ಕಪ್ಪದ ಭಾರ ಕೊನೆಗೆ ಬಿದ್ದದ್ದು ಅವರ ಮೇಲೆ. ಸೋದೆಯ ಸಾಮಂತಿಕೆಯನ್ನು ಜಾಣತನವೆಂದು ಒಪ್ಪುವಾಗ ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದೇ ಕಾಲದಲ್ಲಿ ಭೂಮಿಯ ಇನ್ನೊಂದು ಮೂಲೆಯಲ್ಲಿ ನಡೆದ ಕಥೆಯೊಂದನ್ನು ಪಕ್ಕದಲ್ಲಿಟ್ಟರೆ ಸೋದೆ ಹೆಚ್ಚು ಸ್ಪಷ್ಟವಾಗುತ್ತದೆ. ಪಶ್ಚಿಮ ಮಂಗೋಲರ ಪೈಕಿ ತೊರ್ಗುತ್ ಪಂಗಡದವರು 1630ರ ಹೊತ್ತಿಗೆ ವೋಲ್ಗಾ ನದಿಯ ಹುಲ್ಲುಗಾವಲಿಗೆ ಬಂದು ನೆಲೆಸಿದರು, ಇವರೇ ಕಲ್ಮಿಕರು. 1655ರಲ್ಲಿ ರಷ್ಯದ ತ್ಸಾರನಿಗೆ ನಿಷ್ಠೆಯ ಪ್ರಮಾಣ ಮಾಡಿದರು. ರಷ್ಯನ್ನರು ಅದನ್ನು ಶರಣಾಗತಿ ಎಂದು ಬರೆದುಕೊಂಡರು, ಕಲ್ಮಿಕರು ಸ್ನೇಹದ ಒಪ್ಪಂದವೆಂದು ತಿಳಿದರು. ಅವರ ದೊಡ್ಡ ದೊರೆ ಆಯುಕ ತ್ಸಾರನ ಯುದ್ಧಗಳಿಗೆ ಕುದುರೆ ಸವಾರರನ್ನು ಕೊಟ್ಟ. ಖಾನ್ ಎಂಬ ಬಿರುದನ್ನು ಮಾತ್ರ ಲಾಸಾದ ದಲಾಯಿ ಲಾಮಾರಿಂದ ಪಡೆದ. ಸೋದೆ ಕೊಟ್ಟದ್ದು ಹಣ, ಕಲ್ಮಿಕರು ಕೊಟ್ಟದ್ದು ಸವಾರರು. ಒಡೆಯನಿಗೆ ಇದಿಷ್ಟೇ ಸಾಕೆನಿಸಿದಷ್ಟು ದಿನ ಎರಡೂ ರಾಜ್ಯಗಳು ನಡೆದವು.

ಒಡೆಯನ ಬಯಕೆ ಬದಲಾದಾಗ ಸಂಕಟ ಶುರುವಾಯಿತು. ರಷ್ಯಕ್ಕೆ ಹುಲ್ಲುಗಾವಲೇ ಬೇಕಾಯಿತು: ಕೋಟೆಗಳ ಸಾಲು, ಒಕ್ಕಲು ಕೂಡಿಸಿದ ಹಳ್ಳಿಗಳು, ಖಾನನ ಅಧಿಕಾರಕ್ಕೆ ಕಡಿವಾಣ. 1771ರ ಜನವರಿಯಲ್ಲಿ ಉಬಾಶಿ ಖಾನ್ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರೊಡನೆ, ದನಕರು ಡೇರೆ ಸಮೇತ, ಪೂರ್ವಕ್ಕೆ ಚೀನಾದ ಗಡಿಯತ್ತ ಹೊರಟುಹೋದ. ದಾರಿಯಲ್ಲಿ ಬಹುಪಾಲು ಜನ ಅಳಿದರು. ವೋಲ್ಗಾದ ಪಶ್ಚಿಮ ದಡದಲ್ಲಿ ಉಳಿದವರ ಖಾನಗಿರಿಯನ್ನು ರಾಣಿ ಕ್ಯಾಥರೀನ್ ಅದೇ ವರ್ಷ ರದ್ದು ಮಾಡಿದಳು. (ಆ ಉಳಿದವರ ವಂಶಜರ ಪೈಕಿ ಕೆಲವರು ಇಂದು ಬೌದ್ಧಶಾಸ್ತ್ರ ಓದಲು ಬರುವುದು ಶಿರಸಿ, ಯಲ್ಲಾಪುರಗಳ ನೆರೆಯ ಮುಂಡಗೋಡಿಗೆ. 1966ರಲ್ಲಿ ಆರಂಭವಾದ ಅಲ್ಲಿನ ಟಿಬೆಟನ್ ವಸಾಹತಿನಲ್ಲಿ ಡ್ರೆಪುಂಗ್ ವಿಹಾರದ ಗೋಮಾಂಗ್ ಶಾಲೆ ಇದೆ. ಕಲ್ಮಿಕರಿಗೆ ಅದು ಟಿಬೆಟ್ಟಿನ ಕಾಲದಿಂದಲೂ ಗುರುಪೀಠ.)

ಸೋದೆಗೆ ಆ ಗಳಿಗೆ ಕೆಲವೇ ವರ್ಷ ಮೊದಲು ಬಂದಿತ್ತು. ಹೈದರ್ 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ. ಅದರ ಬೆನ್ನಿಗೇ ಅವನ ಸೈನ್ಯ ಸೋದೆಯ ಮೇಲೆ ಬಂತು. ಅವನಿಗೆ ಬೇಕಾಗಿದ್ದದ್ದು ವರ್ಷದ ಕಪ್ಪವಲ್ಲ, ಕಂದಾಯ ಮತ್ತು ಬಂದರು. ಹಣ ಕೊಟ್ಟು ಕಳಿಸುವ ಹಳೆಯ ವಿದ್ಯೆ ಇಂಥ ಒಡೆಯನ ಮುಂದೆ ನಡೆಯಲಿಲ್ಲ. ಕೆಳದಿ ಹೋದ ಮೇಲೆ ದಕ್ಷಿಣದಲ್ಲಿ ತಡೆಯೂ ಇರಲಿಲ್ಲ. ಇಮ್ಮಡಿ ಸದಾಶಿವ ಘಟ್ಟ ಇಳಿದು ಗೋವೆಯ ಪೋರ್ಚುಗೀಸರ ಆಶ್ರಯಕ್ಕೆ ಹೋದ. ಆದರೆ ಕಲ್ಮಿಕರಂತೆ ಜನ ಅರಸನ ಹಿಂದೆ ಹೋಗಲಿಲ್ಲ, ಹೋಗುವುದು ಸಾಧ್ಯವೂ ಇರಲಿಲ್ಲ. ಫಲಕ್ಕೆ ಬರಲು ಏಳೆಂಟು ವರ್ಷ ಹಿಡಿಯುವ ಅಡಿಕೆ ತೋಟವನ್ನು ಬಿಟ್ಟು ಯಾವ ತೋಟಿಗ ಎಲ್ಲಿಗೆ ಹೋದಾನು? ವೋಲ್ಗಾದಲ್ಲಿ ರಾಜ್ಯವೆಂದರೆ ಜನ. ಸೋದೆಯಲ್ಲಿ ರಾಜ್ಯವೆಂದರೆ ತೋಟ, ದಾರಿ, ಬಂದರು. ಇವೆಲ್ಲ ಇದ್ದಲ್ಲೇ ಇದ್ದು ಒಡೆಯ ಮಾತ್ರ ಬದಲಾದ.

ಘಟ್ಟದ ಕೆಳಗೆ ತನ್ನ ಕೈಯಲ್ಲಿದ್ದ ಸೀಮೆಯನ್ನು ಅರಸ ಪೋರ್ಚುಗೀಸರಿಗೆ ಒಪ್ಪಿಸಿದ, ಅವರು ವರ್ಷಾಶನ ಕಟ್ಟಿಕೊಟ್ಟರು. ಫೋಂಡಾ ಬಳಿಯ ಬಾಂದಿವಡೆಯಲ್ಲಿ ಸೌಂದೇಕರ ಎಂಬ ಹೆಸರಿನಲ್ಲಿ ಮನೆತನ ಮುಂದುವರಿಯಿತು. ಘಟ್ಟದ ಮೇಲಿನ ಸೀಮೆ ಮೈಸೂರಿನ ಕೈಯಲ್ಲಿದ್ದು, 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿ ಸರಕಾರಕ್ಕೆ ಸೇರಿತು. ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ತೋಟಗಳ ಮೇಲೆ ಹೊಸದಾಗಿ ಕಂದಾಯ ಕಟ್ಟುವ ಕೆಲಸ ಹಿಡಿದ.