ಕೋಲಾರ ಸೀಮೆಯ ಫ್ಲೋರೋಸಿಸ್ ಸಂಶೋಧನೆ: ಒಂದು ವಿಮರ್ಶೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆಗಳು ಬತ್ತಿದಂತೆಲ್ಲ ಜನರು ಕೊಳವೆ ಬಾವಿಗಳನ್ನೇ ನೆಚ್ಚಬೇಕಾಯಿತು. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅವುಗಳ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಮೆಯಾಗಿ ಬೈಕಾರ್ಬೊನೇಟ್ ಹೆಚ್ಚಿದಷ್ಟೂ ಈ ಕರಗುವಿಕೆ ಹೆಚ್ಚು. ಭಾರತೀಯ ಮಾನಕವು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಸ್ವೀಕಾರಾರ್ಹವೆಂದೂ, ಬೇರೆ ನೀರು ದೊರೆಯದ ಕಡೆ 1.5ರ ವರೆಗೆ ಸಹ್ಯವೆಂದೂ ವಿಧಿಸಿದೆ. ಈ ಮಿತಿಯನ್ನು ಮೀರಿದ ಬಾವಿಗಳು ಈ ಸೀಮೆಯಲ್ಲಿ ವಿರಳವಲ್ಲ.

ಇಂಥ ನೆಲದಲ್ಲಿಯೇ 1986ರಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಮಹಾವಿದ್ಯಾಲಯವು ಟಮಕದಲ್ಲಿ ಸ್ಥಾಪಿತವಾಯಿತು. 2007ರಲ್ಲಿ ಅದನ್ನೊಳಗೊಂಡ ಸಂಸ್ಥೆಗೆ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಮನ್ನಣೆ ದೊರೆಯಿತು. ರೋಗವೂ ಅದನ್ನು ಅಭ್ಯಸಿಸಬಲ್ಲ ವಿದ್ಯಾಸ್ಥಾನವೂ ಹೀಗೆ ಒಂದೆಡೆ ಕೂಡಿರುವುದು ಅಪೂರ್ವವೇ ಸರಿ. 1937ರಲ್ಲಿ ನೆಲ್ಲೂರು ಜಿಲ್ಲೆಯ ರೋಗಿಗಳನ್ನು ಪರೀಕ್ಷಿಸಿ ಶಾರ್ಟ್, ಪಂಡಿತ್, ರಾಘವಾಚಾರಿ ಎಂಬ ಸಂಶೋಧಕರು ಬರೆದ ಲೇಖನವು ಭಾರತದಲ್ಲಿ ಈ ಬಗೆಯ ಅಧ್ಯಯನಕ್ಕೆ ತಳಹದಿಯಾಯಿತು. ಆ ಪರಂಪರೆಯ ಈಚಿನ ಬರೆಹಗಳ ಸಾಮಾನ್ಯ ರೀತಿಯನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ರೀತಿಯು ಬಹುಮಟ್ಟಿಗೆ ನಿಶ್ಚಿತವಾದುದು. ಕೆಲವು ಶಾಲೆಗಳನ್ನು ಆರಿಸಿಕೊಂಡು ಮಕ್ಕಳ ಹಲ್ಲುಗಳನ್ನು 1942ರ ಡೀನ್ ಸೂಚಿಯಂತೆ ವರ್ಗೀಕರಿಸುವುದು; ಊರಿನ ಬಾವಿಯ ನೀರನ್ನೂ ಕೆಲವೊಮ್ಮೆ ಮೂತ್ರವನ್ನೂ ಅಳೆಯುವುದು; ಅಂಕಿಗಳ ಸಂಬಂಧವನ್ನು ಗಣಿತದಿಂದ ತೋರಿಸುವುದು. ಇದರ ಗುಣವನ್ನು ಅಲ್ಲಗಳೆಯಲಾಗದು. ನೀರಿನ ಕಲೆಯೆಂದು ಊರವರು ಸುಮ್ಮನಿದ್ದುದನ್ನು ರೋಗವೆಂದು ಹೆಸರಿಸಿ ಲೆಕ್ಕಕ್ಕೆ ತಂದದ್ದು ಈ ಶ್ರಮವೇ.

ಆದರೆ ಈ ರೀತಿಯಲ್ಲಿ ಕಾಲದ ವಿವೇಚನೆ ಸಾಲದು. ಮೂತ್ರದ ಫ್ಲೋರೈಡ್ ಈಚಿನ ಕೆಲವು ದಿನಗಳ ಸೇವನೆಯನ್ನು ಹೇಳುತ್ತದೆ. ಹಲ್ಲಿನ ಕಲೆಯಾದರೋ ಮೊದಲ ಎಂಟು ವರ್ಷಗಳಲ್ಲಿ, ಹಲ್ಲಿನ ಹೊರಕವಚ ರೂಪುಗೊಳ್ಳುವಾಗ, ಮಗು ಕುಡಿದ ನೀರಿನ ದಾಖಲೆ. ಮೂಳೆಯು ಹತ್ತಾರು ವರ್ಷಗಳ ಸಂಚಯ. ಈ ಮೂರು ಸಾಕ್ಷಿಗಳು ಮೂರು ಕಾಲಗಳನ್ನು ಕುರಿತು ನುಡಿಯುತ್ತವೆ. ಹನ್ನೆರಡು ವರ್ಷದ ಬಾಲಕನ ಹಲ್ಲನ್ನು ಇಂದಿನ ಬಾವಿಯ ನೀರಿನೊಡನೆ ಹೋಲಿಸುವವನು, ಆ ಬಾಲಕನ ಶೈಶವದಲ್ಲಿ ಅದೇ ಬಾವಿ ಇದ್ದಿತೇ ಎಂದು ಮೊದಲು ಕೇಳಬೇಕಲ್ಲವೇ? ಹಳೆಯ ಬಾವಿ ಬತ್ತಿ ಹೊಸದನ್ನು ಇನ್ನೂ ಆಳಕ್ಕೆ ಕೊರೆಯುವುದು ಇಲ್ಲಿ ಸರ್ವಸಾಮಾನ್ಯ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯಲು ಬೇರೆ ಊರಿನಿಂದ ಬಂದವರ ಮಕ್ಕಳ ಹಲ್ಲು ಮಾಲೂರಿನ ನೀರಿಗೆ ಸಾಕ್ಷಿಯಾಗದು.

ಪ್ರಶ್ನಾವಳಿಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಎಷ್ಟೋ ಮನೆಗಳಲ್ಲಿ ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು. ಮುದ್ದೆಗೂ ಸಾರಿಗೂ ನಲ್ಲಿಯ ನೀರು. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಸಾಂದ್ರವಾಗುತ್ತದೆ. ‘ಯಾವ ನೀರು ಕುಡಿಯುತ್ತೀರಿ?’ ಎಂಬ ಒಂದೇ ಪ್ರಶ್ನೆ ಅರ್ಧ ಸತ್ಯವನ್ನಷ್ಟೇ ತರುವುದು. ಮುಳಬಾಗಿಲು, ಶ್ರೀನಿವಾಸಪುರಗಳ ಗಡಿ ಹಳ್ಳಿಗಳಲ್ಲಿ ಮನೆಮಾತು ಬಹುಪಾಲು ತೆಲುಗು. ಇಂಗ್ಲಿಷಿನಲ್ಲಿ ರಚಿಸಿದ ಪ್ರಶ್ನೆಯನ್ನು ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಅನುವಾದಿಸುವುದು ಶಾಸ್ತ್ರೀಯವೆನಿಸದು.

ದೋಷವನ್ನು ಸಂಶೋಧಕನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ವೈದ್ಯ ಸ್ನಾತಕೋತ್ತರ ಶಿಕ್ಷಣದ ಅವಧಿ ಮೂರು ವರ್ಷ. ಪರೀಕ್ಷೆಗೆ ಆರು ತಿಂಗಳು ಮುಂಚೆಯೇ ಪ್ರಬಂಧವನ್ನು ಒಪ್ಪಿಸಬೇಕು. ವಿಷಯದ ಆಯ್ಕೆ, ಅನುಮತಿ, ಬರವಣಿಗೆಗಳನ್ನು ಕಳೆದರೆ ಹಳ್ಳಿಯ ಕೆಲಸಕ್ಕೆ ಉಳಿಯುವುದು ಒಂದೂವರೆ ವರ್ಷವಿದ್ದೀತು. ದಶಕಗಳಲ್ಲಿ ಬಲಿಯುವ ರೋಗವನ್ನು ತಿಂಗಳುಗಳಲ್ಲಿ ಅಳೆಯಹೊರಟರೆ, ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲಿನಿಂದ ತೊಡಗಿ ಮೊದಲಿನಲ್ಲಿಯೇ ನಿಲ್ಲಬೇಕಾಗುತ್ತದೆ.

ಪರಿಹಾರವು ವಿಭಾಗದ ಕೈಯಲ್ಲಿದೆ. ನಾಲ್ಕು ತಾಲ್ಲೂಕುಗಳ ಕೆಲವು ಹಳ್ಳಿಗಳನ್ನು ಸ್ಥಿರವಾಗಿ ಗೊತ್ತುಮಾಡಿ, ಅವೇ ಬಾವಿಗಳನ್ನೂ ಅವೇ ಮಕ್ಕಳನ್ನೂ ವರ್ಷವರ್ಷವೂ ಅಳೆದು, ಒಬ್ಬ ವಿದ್ಯಾರ್ಥಿ ಬಿಟ್ಟ ಕಡೆ ಮತ್ತೊಬ್ಬನು ಹಿಡಿಯುವಂತೆ ಮಾಡಬೇಕು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರದ ಕೆರೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ ಮೇಲೆ ಈ ಅಗತ್ಯ ಇಮ್ಮಡಿಯಾಗಿದೆ. ಇಂಗಿದ ನೀರು ಫ್ಲೋರೈಡನ್ನು ತಗ್ಗಿಸುವುದೇ, ಹೊಸದೇನನ್ನಾದರೂ ಬೆರೆಸುವುದೇ? ಒಮ್ಮೆ ಮಾತ್ರ ಅಳೆದ ಬಾವಿ ಈ ಪ್ರಶ್ನೆಗೆ ಉತ್ತರ ಕೊಡಲಾರದು.

ಕೊನೆಯದಾಗಿ, ಅಳೆದ ಅಂಕಿ ಅಳೆಸಿಕೊಂಡವರ ಮನೆಗೆ ಕನ್ನಡದಲ್ಲಿ, ಬೇಕಾದ ಕಡೆ ತೆಲುಗಿನಲ್ಲಿ, ಕೂಡಲೇ ಮರಳಬೇಕು. ಬಲಿತ ಹಲ್ಲಿನ ಕಲೆಯೂ ಬಿಗಿದ ಮೂಳೆಯೂ ಔಷಧದಿಂದ ಹಿಂದಿನಂತಾಗುವುದಿಲ್ಲ, ತಡೆಯೊಂದೇ ಮದ್ದು. ಬಾವಿಯನ್ನು ಅಳೆದ ದಿನ ಐದು ವರ್ಷದ್ದಾಗಿದ್ದ ಮಗು, ಲೇಖನವು ಅಚ್ಚಾಗಿ ಬರುವ ಹೊತ್ತಿಗೆ ಎಂಟನ್ನು ದಾಟಿರುತ್ತದೆ. ಆ ಮಗುವಿನ ಪಾಲಿಗೆ ಸಂಶೋಧನೆಯು ಸಕಾಲದಲ್ಲಿ ಬಂದಿತೇ ಎಂಬುದೇ ಇಂಥ ಬರೆಹಗಳಿಗೆಲ್ಲ ಒರೆಗಲ್ಲು.